ಕೆ29.7 ಹಾಕಿದ ಕ್ಲೇಮ್ ವಾಪಸ್: ಡುವೋಡಿನಲ್ ಅಲ್ಸರ್ ಚಾರ್ಟ್‌ಗೆ ಯಾವ ಕೋಡ್?

ಪ್ರಶ್ನೆ:
ಅಮೆರಿಕದ ಔಟ್‌ಪೇಷೆಂಟ್ (ದಾಖಲಾಗದ ರೋಗಿಯ) ಚಾರ್ಟ್, ಐಸಿಡಿ-10-ಸಿಎಂ (ವಿಮೆ ಬಿಲ್ಲಿಗೆ ಕಾಯಿಲೆಗಳಿಗೆ ಹಾಕುವ ಅಲ್ಲಿನ ಕೋಡ್ ಪಟ್ಟಿ). ರೋಗಿ ಬಂದದ್ದು ಕಪ್ಪು ಮಲಕ್ಕೆ, ಡಾಕ್ಟರು ‘ಮೆಲೀನಾ’ (ರಕ್ತ ಬೆರೆತ ಕಪ್ಪು ಮಲ) ಎಂದೇ ಬರೆದಿದ್ದಾರೆ. ಎಂಡೋಸ್ಕೋಪಿಯಲ್ಲಿ ಡುವೋಡಿನಂನಲ್ಲಿ (ಸಣ್ಣ ಕರುಳಿನ ಮೊದಲ ಭಾಗ) 6 ಮಿ.ಮೀ. ಅಲ್ಸರ್ (ಹುಣ್ಣು), ತಳ ಸ್ವಚ್ಛ, ರಕ್ತ ಒಸರುತ್ತಿಲ್ಲ. ಆಂಟ್ರಂ (ಹೊಟ್ಟೆಯ ಕೆಳಭಾಗ) ಬಯಾಪ್ಸಿ: ಕ್ರಾನಿಕ್ ಗ್ಯಾಸ್ಟ್ರೈಟಿಸ್ (ಹೊಟ್ಟೆಯ ಒಳಪದರದ ದೀರ್ಘಕಾಲದ ಉರಿಯೂತ), ಎಚ್. ಪೈಲೋರಿ ಬ್ಯಾಕ್ಟೀರಿಯಾ ಪಾಸಿಟಿವ್. ಹಾಕಿದ್ದು, ಇದೇ ಕ್ರಮದಲ್ಲಿ: ಬಿ96.81 (ಎಚ್. ಪೈಲೋರಿ), ಕೆ26.9 (ಡುವೋಡಿನಲ್ ಅಲ್ಸರ್), ಕೆ29.7 (ಗ್ಯಾಸ್ಟ್ರೈಟಿಸ್), ಕೆ92.1 (ಮೆಲೀನಾ). ಕ್ಲೇಮ್ ವಾಪಸ್ ಬಂದಿದೆ. ಎಡವಿದ್ದೆಲ್ಲಿ?

ಉತ್ತರ 1:
ವಾಪಸ್ ಬರೋಕೆ ಕೆ29.7 ಒಂದೇ ಸಾಕು. ಅದು ಬರೀ ತಲೆಬರಹ, ಬಿಲ್ ಆಗುವ ಕೋಡ್ ಅಲ್ಲ. ಕೆ29ರಲ್ಲಿ ಐದನೇ ಕ್ಯಾರೆಕ್ಟರ್ ಬೇಕೇ ಬೇಕು: ರಕ್ತಸ್ರಾವ ಇಲ್ಲದಿದ್ದರೆ 0, ಇದ್ದರೆ 1. ಹಾಗಂತ ಸಿಕ್ಕಿದ್ದಕ್ಕೆಲ್ಲ ಸೊನ್ನೆ ಅಂಟಿಸಬೇಡಿ. ಕೆ25ರಿಂದ ಕೆ28ರವರೆಗಿನ ಅಲ್ಸರ್ ಕೋಡ್‌ಗಳು ನಾಲ್ಕು ಕ್ಯಾರೆಕ್ಟರ್‌ಗೇ ಮುಗಿಯುತ್ತವೆ, ಕೆ26.40 ಅನ್ನೋ ಕೋಡೇ ಇಲ್ಲ. ಕೆ30 (ಅಜೀರ್ಣ) ಅಂತೂ ಮೂರಕ್ಕೇ ಬಿಲ್ ಆಗುತ್ತೆ.

ಬಯಾಪ್ಸಿ ‘ಕ್ರಾನಿಕ್’ ಅಂದಮೇಲೆ ಕೆ29.70 ಕೂಡ ಬೇಡ, ಕೆ29.50 ಹಾಕಿ. ‘ಅಟ್ರೋಫಿಕ್’ (ಒಳಪದರ ಸವೆದದ್ದು) ಅಂತಿದ್ದರೆ ಕೆ29.40. ಬಿ96.81 ಕಾರಣ ಹೇಳುವ ಕೋಡ್, ಯಾವತ್ತೂ ಕಾಯಿಲೆಯ ಹಿಂದೆಯೇ ಬರಬೇಕು.

ಉತ್ತರ 2:
ಸಿಸ್ಟಂ ಹಿಡಿಯದ ತಪ್ಪು ಕೆ26.9. ಅದರರ್ಥವೇ ‘ರಕ್ತಸ್ರಾವ ಇಲ್ಲ, ರಂಧ್ರ ಇಲ್ಲ’. ಸ್ಕೋಪ್ ಹಾಕಿದ ಗಳಿಗೆಯಲ್ಲೇ ರಕ್ತ ಕಾಣಬೇಕೆಂದೇನಿಲ್ಲ. ಕೋಡ್ ಪಟ್ಟಿಯ ಇಂಡೆಕ್ಸ್‌ನಲ್ಲಿ ಅಲ್ಸರ್ ಕೆಳಗೆ ‘ವಿತ್ ಹೆಮರೇಜ್’ (ರಕ್ತಸ್ರಾವ ಸಹಿತ) ಇದೆ. ಕೋಡಿಂಗ್ ಮಾರ್ಗಸೂಚಿಯ ಮೊದಲ ವಿಭಾಗದ ಎ.15ರ ಪ್ರಕಾರ, ‘ವಿತ್’ ಇದ್ದಲ್ಲಿ ಸಂಬಂಧವಿಲ್ಲ ಎಂದು ಡಾಕ್ಟರು ಬರೆಯದ ಹೊರತು ನಂಟು ಇದೆ ಅಂತಲೇ ಲೆಕ್ಕ. ‘ಅಕ್ಯೂಟ್’ ಅಂತ ಎಲ್ಲೂ ಇಲ್ಲವಾದ್ದರಿಂದ ಕೆ26.0 (ಅಕ್ಯೂಟ್, ರಕ್ತಸ್ರಾವ ಸಹಿತ) ಅಲ್ಲ, ಕೆ26.4 (ಕ್ರಾನಿಕ್ ಅಥವಾ ಯಾವುದೆಂದು ಹೇಳದ್ದು, ರಕ್ತಸ್ರಾವ ಸಹಿತ). ಮೆಲೀನಾ ಅದರೊಳಗೇ ಬಂತು, ಕೆ92.1 ತೆಗೆಯಿರಿ.

ಆದರೆ ಇಲ್ಲೊಂದು ತೊಡಕು. ಗ್ಯಾಸ್ಟ್ರೈಟಿಸ್‌ಗೂ ಅದೇ ‘ವಿತ್’ ಇದೆ. ಹಾಗಾದರೆ ಕೆ29.50ಯೋ ಕೆ29.51ಓ? ಊಹಿಸಬೇಡಿ, ಡಾಕ್ಟರಿಗೆ ಕ್ವೆರಿ (ಸ್ಪಷ್ಟೀಕರಣ ಕೇಳುವ ಪತ್ರ) ಕಳಿಸಿ. ‘ಅಲ್ಸರ್‌ನಿಂದಲೇ ಅಲ್ವಾ?’ ಅಂತ ಬಾಯಿಗೆ ತುರುಕೋ ಹಾಗಿಲ್ಲ. ಹೀಗೆ ಕೇಳಿ: ‘ಮೆಲೀನಾದ ಮೂಲ ಯಾವುದು? ಡುವೋಡಿನಲ್ ಅಲ್ಸರ್ / ಗ್ಯಾಸ್ಟ್ರೈಟಿಸ್ / ಎರಡೂ / ಬೇರೆ / ಹೇಳಲಾಗದು.’

ಪ್ರಶ್ನೆ ಕೇಳಿದವರು:
ಕ್ವೆರಿಗೆ ಉತ್ತರ ಬಂತು, ಅಲ್ಸರ್ ಮಾತ್ರ. ಔಷಧಿ ಪಟ್ಟಿಯಲ್ಲಿ ಐಬುಪ್ರೊಫೇನ್ (ನೋವಿನ ಮಾತ್ರೆ) ಕೂಡ ಇದೆ. ಅದನ್ನೂ ಸೇರಿಸಬೇಕಾ?

ಉತ್ತರ 2:
ಪಟ್ಟಿಯಲ್ಲಿದ್ದರೆ ಸಾಲದು. ಅಲ್ಸರ್ ಅದರಿಂದಲೇ ಆಯಿತು ಅಂತ ಡಾಕ್ಟರು ಬರೆದಿದ್ದರೆ ಮಾತ್ರ ಟಿ39.315ಎ (ಆ ಗುಂಪಿನ ಔಷಧಿಯ ಅಡ್ಡಪರಿಣಾಮದ ಕೋಡ್), ಅದೂ ಅಲ್ಸರ್ ಕೋಡ್ ಆದಮೇಲೆ. ‘ಬಹುಶಃ ಅದರಿಂದ’ ಅಂತಿದ್ದರೆ ಔಟ್‌ಪೇಷೆಂಟ್‌ನಲ್ಲಿ ಅದನ್ನು ಮುಟ್ಟೋದೇ ಬೇಡ. ಸದ್ಯಕ್ಕೆ ಕೆ26.4, ಕೆ29.50, ಬಿ96.81 ಕಳಿಸಿ.