4.1 ತೆಗೆದು 4.556 ಹಾಕಿಸಲಾ? ಫೈನಲ್ ಡ್ರೈವ್ ಬದಲಿಸಿದವರು ಅನುಭವ ಹೇಳಿ

ಕೇಳಿದವರು, ಸನ್ನಿವೇಲ್

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್‌ನಲ್ಲಿ 2013ರ ಸುಬಾರು ಬಿಆರ್‌ಝಡ್ ತಗೊಂಡಿದ್ದೇನೆ, ಮ್ಯಾನುಯಲ್ ಗೇರ್. ಎಂಜಿನ್ ಸ್ಟಾಕ್ (ಕಂಪನಿಯಿಂದ ಬಂದ ಹಾಗೇ), ಡಿಫರೆನ್ಷಿಯಲ್ಲೂ ಸ್ಟಾಕ್, ಅಂದರೆ ಫೈನಲ್ ಡ್ರೈವ್ (ಗೇರ್‌ಬಾಕ್ಸಿಗೂ ಚಕ್ರಕ್ಕೂ ನಡುವಿನ ಕೊನೆಯ ಗೇರ್ ಜೋಡಿ) 4.1. ವಾರವೆಲ್ಲ ಆಫೀಸಿಗೆ 101 ಹೈವೇಯಲ್ಲಿ ಓಡಾಟ. ಆಗಾಗ ಆಟೋಕ್ರಾಸ್ (ಕೋನ್ ಇಟ್ಟ ಸಣ್ಣ ಕೋರ್ಸ್‌ನಲ್ಲಿ ಸಮಯದ ಸ್ಪರ್ಧೆ), ಅಪರೂಪಕ್ಕೆ ಲಗೂನಾ ಸೆಕಾ ರೇಸ್ ಟ್ರ್ಯಾಕ್. ಕಾರು ಬಹಳ ಇಷ್ಟವಾಗಿದೆ, ಆದರೆ 3,500 ಆರ್‌ಪಿಎಂ ಆಸುಪಾಸಿನಲ್ಲಿ ಎಂಜಿನ್ ಮಂಕಾಗುತ್ತದೆ, ಎಷ್ಟು ತುಳಿದರೂ ಪಿಕಪ್ ಇಲ್ಲ. ಟ್ರ್ಯಾಕಿಗೆ ಬರುವ ಸ್ನೇಹಿತರು 4.556 ಹಾಕಿಸು ಅಂತಾರೆ, ಒಬ್ಬರಂತೂ ನೇರ 4.88ಕ್ಕೇ ಹೋಗು ಅಂದರು. ನಿಜಕ್ಕೂ ಕಾರು ಜೋರಾಗುತ್ತದಾ, ಇಲ್ಲ ಜೋರಾದ ಹಾಗೆ ಅನ್ನಿಸುತ್ತದಾ? ಹಾಕಿಸಿದವರು ದಯವಿಟ್ಟು ಹೇಳಿ.

ಉತ್ತರ, ಫ್ರೀಮಾಂಟ್

ನನ್ನದು ಸೈಯಾನ್ ಎಫ್‌ಆರ್-ಎಸ್, ನಿಮ್ಮ ಕಾರಿನ ಅವಳಿಯೇ. 4.556 ಹಾಕಿಸಿ ಓಡಿಸುತ್ತಿದ್ದೇನೆ. ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಮುಕ್ಕಾಲು ಪಾಲು ಲೆಕ್ಕವೇ.

4.1 ಅಂದರೆ ಡಿಫರೆನ್ಷಿಯಲ್ ಒಳಗಿನ ದೊಡ್ಡ ಗೇರ್ ಕ್ರೌನ್‌ನಲ್ಲಿ 41 ಹಲ್ಲು, ಅದನ್ನು ತಿರುಗಿಸುವ ಸಣ್ಣ ಗೇರ್ ಪಿನಿಯನ್‌ನಲ್ಲಿ 10. 4.556 ಅಂದರೆ 41ಕ್ಕೆ 9. ಅಂದರೆ ರಿವರ್ಸ್ ಸೇರಿ ಎಲ್ಲಾ ಗೇರ್‌ನಲ್ಲೂ ಚಕ್ರಕ್ಕೆ ಹೋಗುವ ಎಳೆತ ಸುಮಾರು ಶೇ. 11 ಜಾಸ್ತಿ, ಪ್ರತಿ ಗೇರ್ ಮುಟ್ಟುವ ವೇಗ ಅದೇ ಪ್ರಮಾಣದಲ್ಲಿ ಕಮ್ಮಿ. ಎಂಜಿನ್ ಶಕ್ತಿ ಒಂದು ಕುದುರೆಯಷ್ಟೂ ಹೆಚ್ಚುವುದಿಲ್ಲ. ಅದೇ 200.

ಈಗ ನಿಮ್ಮ ಕಾರಿನ ಎರಡನೇ ಗೇರ್ ನೋಡಿ. ಗೇರ್ ಅನುಪಾತ 2.188, ಸ್ಟಾಕ್ ಟೈರ್ 215/45 ಆರ್17, ಕೆಂಪು ಗೆರೆ (ಎಂಜಿನ್ ತಿರುಗಬಹುದಾದ ಗರಿಷ್ಠ ಆರ್‌ಪಿಎಂ) 7,400. ಈ ಲೆಕ್ಕಕ್ಕೆ 4.1ರಲ್ಲಿ ಎರಡನೇ ಗೇರ್ ಗಂಟೆಗೆ 97 ಕಿಮೀ ತನಕ ಎಳೆಯುತ್ತದೆ. ಅಂದರೆ ಗಂಟೆಗೆ 60 ಮೈಲಿ (ಸುಮಾರು 96.5 ಕಿಮೀ) ಮುಟ್ಟಲಿಕ್ಕೆ ಮೂರನೇ ಗೇರ್ ಬೇಕಿಲ್ಲ. 4.3 ಹಾಕಿದರೆ 92ಕ್ಕೆ, 4.556ರಲ್ಲಿ 87ಕ್ಕೆ, 4.88ರಲ್ಲಿ 82ರ ಒಳಗೇ ಮುಗಿಯಿತು. ಕಂಪನಿಯವರೇ 2017ರಲ್ಲಿ ಇಲ್ಲಿ ಅಮೆರಿಕದ ಮ್ಯಾನುಯಲ್ ಕಾರುಗಳಿಗೆ 4.3 ಕೊಟ್ಟರಲ್ವಾ, ಆಗ 60 ಮೈಲಿ ಮುಟ್ಟಲು ಒಂದು ಗೇರ್ ಜಾಸ್ತಿ ಬೇಕಾಯಿತು. ಕಾಗದದ ಮೇಲಿನ ಅಂಕಿ ನೋಡಿ ಕಾರು ಕೊಳ್ಳುವವರಿಗೆ ಇದು ಇಷ್ಟವಾಗದ ವಿಷಯ. ಓಡಿಸುವವರಿಗೆ ಅದರಿಂದ ಏನೂ ನಷ್ಟವಿಲ್ಲ.

ಎಲ್ಲರೂ ಬಿಟ್ಟುಬಿಡುವ ಒಂದು ಮಾತು. 87ರಿಂದ 97ರ ನಡುವೆ ಸ್ಟಾಕ್ ಕಾರು ಇನ್ನೂ ಎರಡನೇ ಗೇರ್‌ನಲ್ಲಿರುತ್ತದೆ, ನನ್ನದು ಆಗಲೇ ಮೂರಕ್ಕೆ ಬಂದಿರುತ್ತದೆ. ಆ ಹತ್ತು ಕಿಮೀ ಅಂತರದಲ್ಲಿ ಸ್ಟಾಕ್ ಕಾರಿನ ಒಟ್ಟು ಅನುಪಾತ (ಗೇರ್ ಅನುಪಾತ ಗುಣಿಸು ಫೈನಲ್ ಡ್ರೈವ್) 8.97, ನನ್ನದು 7.02. ಅಲ್ಲಿ ಎಳೆತ ಸ್ಟಾಕ್ ಕಾರಿಗೇ ಜಾಸ್ತಿ! ಇಂಥ ಜಾಗ ಪ್ರತಿ ಗೇರ್ ಬದಲಿಸುವಾಗಲೂ ಬರುತ್ತದೆ. ಹಾಗಾಗಿ ನೇರ ರಸ್ತೆಯಲ್ಲಿ ಕೆಂಪು ಗೆರೆ ತನಕ ಎಳೆದು ಅಕ್ಕಪಕ್ಕ ಓಡಿಸಿದರೆ ಒಮ್ಮೆ ನಾನು ಮುಂದೆ, ಒಮ್ಮೆ ಅವರು ಮುಂದೆ. ಕೊನೆಗೆ ವ್ಯತ್ಯಾಸ ನೀವು ಅಂದುಕೊಂಡದ್ದಕ್ಕಿಂತ ಬಹಳ ಸಣ್ಣದು. ಒಂದನೇ ಗೇರ್‌ನಲ್ಲಂತೂ ಪೂರ್ತಿ ಶೇ. 11 ಕೈಗೆ ಬರುವುದೇ ಇಲ್ಲ. ಎಂಜಿನ್ ತನ್ನನ್ನೇ ಇನ್ನೂ ಬೇಗ ತಿರುಗಿಸಿಕೊಳ್ಳಬೇಕು, ಸ್ವಲ್ಪ ಬಲ ಅಲ್ಲೇ ಖರ್ಚು.

ಹಾಗಾದರೆ ಲಾಭ ಎಲ್ಲಿ? ಗೇರ್ ಬದಲಿಸದೆ ಓಡಿಸುವಾಗ. ಬೆಟ್ಟದ ರಸ್ತೆಯಲ್ಲಿ ಮೂರನೇ ಗೇರ್‌ನಲ್ಲೇ ಬಿಟ್ಟು ತಿರುವಿನಿಂದ ಹೊರಗೆ ಬರುವಾಗ ಕಾರು ತಕ್ಷಣ ಮಾತು ಕೇಳುತ್ತದೆ. ಆ ಖುಷಿ ನಿಜ, ಅದಕ್ಕಾಗಿಯೇ ನಾನು ಇಟ್ಟುಕೊಂಡಿರುವುದು.

ನಿಮ್ಮ 3,500ರ ಮಂಕು ಬೇರೆ ವಿಷಯ. ಅದು ಮೊದಲ ತಲೆಮಾರಿನ ಈ ಎಂಜಿನ್ನಿನ ಹುಟ್ಟುಗುಣ. 3,000 ದಾಟಿದ ಮೇಲೆ ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಇಳಿದು, 4,500ರ ಹತ್ತಿರ ಮತ್ತೆ ಏಳುತ್ತದೆ. ಫೈನಲ್ ಡ್ರೈವ್ ಆ ಗುಂಡಿಯನ್ನು ಮುಚ್ಚುವುದಿಲ್ಲ, ಬೇರೆ ವೇಗಕ್ಕೆ ಸರಿಸುತ್ತದೆ ಅಷ್ಟೇ. ಲಗೂನಾದ 11ನೇ ತಿರುವನ್ನೇ ತಗೊಳ್ಳಿ. ಅಲ್ಲಿ 65 ಕಿಮೀ ಆಸುಪಾಸಿಗೆ ಇಳಿದಿರಿ ಅಂತಿಟ್ಟುಕೊಳ್ಳೋಣ. ಸ್ಟಾಕ್ ಕಾರು ಮೂರನೇ ಗೇರ್‌ನಲ್ಲಿದ್ದರೆ 3,480 ಆರ್‌ಪಿಎಂ, ನೇರ ಗುಂಡಿಯೊಳಗೆ. 4.556ರಲ್ಲಿ 3,870. ಇನ್ನೂ ಗುಂಡಿಯೊಳಗೇ! ಎರಡನೇ ಗೇರ್‌ಗೆ ಇಳಿಸಿದರೆ ಸ್ಟಾಕ್ ಕಾರೇ 4,950ರಲ್ಲಿರುತ್ತದೆ, ಚೆನ್ನಾಗಿ ಎಳೆಯುತ್ತದೆ. ಪೈಸೆ ಖರ್ಚಿಲ್ಲ.

ಇನ್ನೊಂದು. ಫೈನಲ್ ಡ್ರೈವ್ ಬದಲಿಸಿದರೆ ಗೇರ್‌ಗಳ ನಡುವಿನ ಅಂತರ ಬದಲಾಗುವುದಿಲ್ಲ. 7,400ರಲ್ಲಿ ಎರಡರಿಂದ ಮೂರಕ್ಕೆ ಹಾಕಿದರೆ 5,200ಕ್ಕೆ ಬೀಳುತ್ತದೆ, 4.1 ಇದ್ದರೂ ಅಷ್ಟೇ, 4.88 ಇದ್ದರೂ ಅಷ್ಟೇ. ಮಂಕು ಹೋಗಬೇಕಾದರೆ ಒಳ್ಳೆ ಹೆಡರ್ (ಎಂಜಿನ್ನಿನಿಂದ ಹೊಗೆ ಹೊರಗೆ ಒಯ್ಯುವ ಪೈಪು), ಅದಕ್ಕೆ ತಕ್ಕ ಟ್ಯೂನ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್) ಬೇಕು. ಪೂರ್ತಿ ಹೋಗದಿದ್ದರೂ ಬಹಳ ಮಟ್ಟಿಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸ್ಮಾಗ್ ಪರೀಕ್ಷೆ (ಹೊಗೆ ತಪಾಸಣೆ) ಇದೆ, ಆ ಹೆಡರ್‌ಗೆ ಇಲ್ಲಿ ಒಪ್ಪಿಗೆ ಇದೆಯಾ ಅಂತ ನೋಡಿಕೊಂಡೇ ತಗೊಳ್ಳಿ.

ಉತ್ತರ, ಬೆಂಗಳೂರು

ಮೇಲಿನ ಸರ್ ಎಲ್ಲ ಹೇಳಿಬಿಟ್ಟಿದ್ದಾರೆ, ನಾನು ಮೊಟಕಾಗಿ ಹೇಳುತ್ತೇನೆ. ಇಲ್ಲಿ ಆರ್‌ಎಕ್ಸ್ 100 ಇಟ್ಟುಕೊಂಡವರಿಗೆ ಇದು ಹೊಸ ವಿದ್ಯೆಯೇನಲ್ಲ. ಜೆ.ಸಿ. ರೋಡಿಗೆ ಹೋಗಿ ಹಿಂದಿನ ಸ್ಪ್ರಾಕೆಟ್ ನಾಲ್ಕು ಹಲ್ಲು ದೊಡ್ಡದು ತಂದು ಹಾಕಿದರೆ ಸಿಗ್ನಲ್‌ನಲ್ಲಿ ಗಾಡಿ ಚಿಮ್ಮುತ್ತಿತ್ತು, ತುಮಕೂರು ರೋಡಿಗೆ ಬಂದಾಗ ಎಂಜಿನ್ ಕಿರುಚುತ್ತಿತ್ತು. ಕಾರಿನಲ್ಲೂ ಅದೇ ಕಥೆ. ಆದರೆ ಸ್ಪ್ರಾಕೆಟ್ ಇಷ್ಟವಾಗದಿದ್ದರೆ ಸಂಜೆಯೊಳಗೆ ಹಳೆಯದನ್ನೇ ವಾಪಸ್ ಹಾಕಬಹುದಿತ್ತು, ಡಿಫ್ (ಡಿಫರೆನ್ಷಿಯಲ್) ಹಾಗಲ್ಲ.

ನಿಮ್ಮದು ಎಂಜಿನ್ ಹಿಂದಿನ ಚಕ್ರ ತಿರುಗಿಸುವ ಗಾಡಿ, ಪುಣ್ಯ. ಡಿಫ್ ಬೇರೆಯಾಗಿ ಇಳಿಸಬಹುದು. ನಮ್ಮ ಕಡೆ ರ‍್ಯಾಲಿಗೆ ತಯಾರಾಗುವ ಹ್ಯಾಚ್‌ಬ್ಯಾಕ್‌ಗಳೆಲ್ಲ ಹೆಚ್ಚಾಗಿ ಮುಂದಿನ ಚಕ್ರದವು, ಫೈನಲ್ ಡ್ರೈವ್ ಗೇರ್‌ಬಾಕ್ಸ್ ಹೊಟ್ಟೆಯೊಳಗೇ ಇರುತ್ತದೆ. ಗೇರ್‌ಬಾಕ್ಸ್ ಇಳಿಸಿ ಪೂರ್ತಿ ಬಿಚ್ಚಬೇಕು. ಅಷ್ಟು ಬಿಚ್ಚಿದ ಮೇಲೆ ಸುಮ್ನೆ ಫೈನಲ್ ಒಂದನ್ನೇ ಯಾಕೆ ಹಾಕಬೇಕು ಅಂತ ಹತ್ತಿರ ಹತ್ತಿರದ ಗೇರ್ ಸೆಟ್ಟನ್ನೂ ಹಾಕಿಬಿಡುತ್ತಾರೆ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣಿನ ಸ್ಟೇಜ್‌ಗಳಿಗೆ ಅದು ಬೇಕೇ ಬೇಕು, ಅಲ್ಲಿ ಟಾಪ್ ಸ್ಪೀಡ್ ಯಾರಿಗೆ ಬೇಕು? ನಿಮ್ಮ ಬಳಕೆ ಅದಲ್ಲ. 4.88 ಅಂದವರಿಗೆ ದೂರದಿಂದಲೇ ಕೈ ಮುಗಿಯಿರಿ.

ಕೇಳಿದವರು, ಸನ್ನಿವೇಲ್

ಇಬ್ಬರಿಗೂ ಥ್ಯಾಂಕ್ಸ್. 11ನೇ ತಿರುವಿನಲ್ಲಿ ನಾನು ಮೂರನೇ ಗೇರ್‌ನಲ್ಲೇ ಹೋಗುತ್ತಿದ್ದೆ, ಅದನ್ನು ಹೇಗೆ ಕಂಡುಹಿಡಿದಿರಿ ಗುರುಗಳೇ! ಇನ್ನೆರಡು ಪ್ರಶ್ನೆ. ಹೈವೇಯಲ್ಲಿ ಎಷ್ಟು ಗಲಾಟೆ? ಸ್ಪೀಡೋಮೀಟರ್ ತಪ್ಪು ತೋರಿಸುತ್ತದಾ?

ಉತ್ತರ, ಫ್ರೀಮಾಂಟ್

ಆರನೇ ಗೇರ್, 100 ಕಿಮೀ ವೇಗದಲ್ಲಿ 4.1ಕ್ಕೆ ಸುಮಾರು 2,670 ಆರ್‌ಪಿಎಂ. 4.3ಕ್ಕೆ 2,800, 4.556ಕ್ಕೆ 2,970, 4.88ಕ್ಕೆ 3,180. 101ರಲ್ಲಿ ಎಲ್ಲರೂ ಹೋಗುವ ವೇಗ 100 ಅಲ್ಲ ಅಂತ ನಿಮಗೂ ಗೊತ್ತು, ಇನ್ನೂ 400-500 ಸೇರಿಸಿಕೊಳ್ಳಿ. ನನಗೆ ಅಭ್ಯಾಸವಾಗಿದೆ. ಪಕ್ಕದಲ್ಲಿ ಕೂರುವ ಹೆಂಡತಿಗೆ ಆಗಿಲ್ಲ. ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ಮನೆ ಮುಳುಗುವಷ್ಟಲ್ಲ.

ಸ್ಪೀಡೋಮೀಟರ್ ನನ್ನದರಲ್ಲಿ ಬದಲಾಗಲಿಲ್ಲ. ಈ ಕಾರಿನಲ್ಲಿ ಅದು ಚಕ್ರದ ಸೆನ್ಸರ್‌ನಿಂದ ಓದುತ್ತದೆ, ಡಿಫ್‌ಗೂ ಅದಕ್ಕೂ ಸಂಬಂಧವಿಲ್ಲ.

ಲಗೂನಾದಲ್ಲಿ ಇನ್ನೊಂದು ಕಿರಿಕಿರಿ ಇದೆ. 4.1ರಲ್ಲಿ ನಾಲ್ಕನೇ ಗೇರ್ 175ರ ತನಕ ಹೋಗುತ್ತದೆ, ನನ್ನದು 157ಕ್ಕೇ ಮುಗಿಯುತ್ತದೆ. ಮುಖ್ಯ ನೇರದಲ್ಲಿ ನಾನು 157 ದಾಟುತ್ತೇನೆ. ಹಾಗಾಗಿ ಎರಡನೇ ತಿರುವಿಗೆ ಬ್ರೇಕ್ ಹಿಡಿಯುವ ಮುಂಚೆ ಸುಮ್ನೆ ಒಂದು ಸಲ ಐದಕ್ಕೆ ಹಾಕಬೇಕು. ಹಾಕಿದ್ದೇ ತಡ ಬ್ರೇಕ್. ದಂಡ. ಅದೇ ಕಾರು ಬೇರೆ ಟ್ರ್ಯಾಕಿನಲ್ಲಿ 4.556ರಿಂದ ಲಾಭ ಪಡೆಯಬಹುದು. ನೀವು ಹೋಗುವ ಟ್ರ್ಯಾಕಿನ ಡೇಟಾ ತೆಗೆದು ಪ್ರತಿ ತಿರುವಿನಲ್ಲಿ ಎಷ್ಟು ವೇಗ, ಯಾವ ಗೇರ್, ನೇರದ ಕೊನೆಯಲ್ಲಿ ಎಷ್ಟು ಅಂತ ಬರೆದುಕೊಳ್ಳಿ, ಆಮೇಲೆ ಅನುಪಾತ ಆರಿಸಿ. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ.

ಆಟೋಕ್ರಾಸ್‌ನಲ್ಲೂ ಅಷ್ಟೇ. ಸ್ಟಾಕ್ ಎರಡನೇ ಗೇರ್ 97 ತನಕ ಇರುವುದರಿಂದ ಹೆಚ್ಚಿನ ಕೋರ್ಸ್‌ಗಳಿಗೆ ಆ ಒಂದೇ ಗೇರ್ ಸಾಕು. 4.88 ಹಾಕಿದರೆ ಮಧ್ಯದಲ್ಲೇ ಕೆಂಪು ಗೆರೆ ಮುಟ್ಟಿ ಲಿಮಿಟರ್ ಬಡಿಯುತ್ತದೆ. ಮೇಲಾಗಿ ಎಸ್‌ಸಿಸಿಎ (ಇಲ್ಲಿ ಆಟೋಕ್ರಾಸ್ ನಡೆಸುವ ಸಂಸ್ಥೆ) ಸ್ಟ್ರೀಟ್ ಕ್ಲಾಸ್‌ನಲ್ಲಿ, ಅಂದರೆ ಹೆಚ್ಚುಕಮ್ಮಿ ಸ್ಟಾಕ್ ಕಾರುಗಳ ವರ್ಗದಲ್ಲಿ ಓಡಿಸುತ್ತಿದ್ದರೆ ಫೈನಲ್ ಡ್ರೈವ್ ಬದಲಿಸುವಂತೆಯೇ ಇಲ್ಲ.

ಉತ್ತರ, ಆಸ್ಟಿನ್

ನನ್ನದೂ 2013ರ ಕಾರು. ನಾನು 4.3ಕ್ಕೆ ಹೋದೆ, ನೆಮ್ಮದಿಯಾಗಿದ್ದೇನೆ. ಆದರೆ ಅಲ್ಲಿಗೆ ಬಂದದ್ದು ಸುತ್ತು ದಾರಿಯಲ್ಲಿ.

ಮೊದಲು 4.556 ಸೆಟ್ ತರಿಸಿ ಇಲ್ಲಿನ ಒಂದು ಅಂಗಡಿಗೆ ಕೊಟ್ಟೆ. ಕಾರು ವಾಪಸ್ ಬಂತು, ಗಂಟೆಗೆ 80ರಿಂದ 100ರ ನಡುವೆ ಕಾಲು ಎತ್ತಿದರೆ ಹಿಂದಿನಿಂದ ಸಣ್ಣಗೆ ಊಳಿಡುವ ಸದ್ದು. "ಹೊಸ ಗೇರ್, ಓಡ್ತಾ ಓಡ್ತಾ ಸರಿಹೋಗುತ್ತೆ" ಅಂದರು. ಹೋಗಲಿಲ್ಲ. ಹೊಸ ಕ್ರೌನ್ ಪಿನಿಯನ್ ಸರಿಯಾಗಿ ಕೂತಿದ್ದರೆ ಮೊದಲ ದಿನದಿಂದಲೇ ಸದ್ದಿರುವುದಿಲ್ಲ, ಇದಕ್ಕೆ ವಿರುದ್ಧವಾಗಿ ಯಾರು ಏನೇ ಹೇಳಿದರೂ ನಂಬಬೇಡಿ. ಹಳೆ ಟ್ರಕ್ ಆಕ್ಸಲ್ ಮಾಡುವ ಒಬ್ಬ ಮುದುಕರ ಹತ್ತಿರ ತಗೊಂಡು ಹೋದೆ. ಅವರು ಡಿಫ್ ಬಿಚ್ಚಿ ಕ್ರೌನ್‌ನ ಮೂರ್ನಾಲ್ಕು ಹಲ್ಲಿಗೆ ಹಳದಿ ಪೇಸ್ಟ್ ಬಳಿದು, ಒಂದು ಕೈಯಲ್ಲಿ ಕ್ರೌನ್ ಒತ್ತಿ ಹಿಡಿದು ಪಿನಿಯನ್ ತಿರುಗಿಸಿ ತೋರಿಸಿದರು. ಉಜ್ಜಿದ ಗುರುತು ಹಲ್ಲಿನ ನಡುಮಧ್ಯೆ ಬರಬೇಕು, ನನ್ನದರಲ್ಲಿ ಬುಡಕ್ಕೆ ಇಳಿದಿತ್ತು. ಪಿನಿಯನ್ ಜಾಸ್ತಿ ಒಳಗೆ ಕೂತಿದೆ, ಶಿಮ್ (ಪಿನಿಯನ್ ಆಳ ಹೊಂದಿಸುವ ತೆಳು ಬಿಲ್ಲೆ) ದಪ್ಪವಾಯಿತು ಅಂದರು. ಹಳೇ ಶಿಮ್ಮನ್ನೇ ಹಾಗೇ ಹಾಕಿ ಮುಚ್ಚಿದ್ದರು ಅಂತ ಕಾಣುತ್ತದೆ. ಅಷ್ಟರಲ್ಲಿ ಹಲ್ಲು ತಪ್ಪು ಜಾಗದಲ್ಲಿ ಸವೆದಾಗಿತ್ತು, ಸೆಟ್ ಹಾಳು.

ಆಮೇಲೆ 2017ರ ಒಂದು ಗುದ್ದಿದ ಕಾರಿನಿಂದ 4.3ರ ಡಿಫ್ ಇಡಿಯಾಗಿ ಸಿಕ್ಕಿತು. ಟಾರ್ಸನ್ ಎಲ್ಎಸ್‌ಡಿ (ಒಂದು ಚಕ್ರ ಜಾರಿದಾಗ ಇನ್ನೊಂದಕ್ಕೆ ಬಲ ಕಳಿಸುವ ಡಿಫ್) ಅದರೊಳಗೇ ಇದೆ, ಫ್ಯಾಕ್ಟರಿಯಲ್ಲೇ ಜೋಡಿಸಿದ್ದು. ಬಿಚ್ಚುವುದು, ಕೂರಿಸುವುದು, ಆಯಿಲ್ ತುಂಬುವುದು, ಅಷ್ಟೇ. ಶಿಮ್ ಇಲ್ಲ, ಡಯಲ್ ಗೇಜ್ ಇಲ್ಲ. ಶೇ. 5 ವ್ಯತ್ಯಾಸಕ್ಕೆ ಇದೆಲ್ಲ ಬೇಕಾ ಅಂತ ಕೇಳಿದರೆ, ದಿನಾ ಓಡಿಸುವ ಕಾರಿಗೆ ಅಷ್ಟೇ ಸಾಕು ಅನ್ನುತ್ತೇನೆ. ಮೂರು, ನಾಲ್ಕನೇ ಗೇರ್‌ನಲ್ಲಿ ಗೊತ್ತಾಗುತ್ತದೆ. ಹೈವೇಯಲ್ಲಿ ಗೊತ್ತಾಗುವುದಿಲ್ಲ.

ಹೊಸ ಗೇರ್ ಸೆಟ್ಟೇ ಹಾಕಿಸುವುದಾದರೆ ಮೆಕ್ಯಾನಿಕ್‌ಗೆ ಮೂರು ವಿಷಯ ಕೇಳಿ. ಪಿನಿಯನ್ ಆಳ ಹೇಗೆ ಅಳೆಯುತ್ತೀರಿ, ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಎಷ್ಟು ಇಡುತ್ತೀರಿ, ಪೇಸ್ಟ್ ಗುರುತಿನ ಫೋಟೋ ಕೊಡುತ್ತೀರಾ. ತಡವರಿಸಿದರೆ ಕೀ ವಾಪಸ್ ಇಸ್ಕೊಂಡು ಬನ್ನಿ. ಗೇರ್ ಸೆಟ್ಟಿನ ಬೆಲೆಗಿಂತ ಕೂಲಿ ಜಾಸ್ತಿಯಾದರೂ ಬೇಜಾರು ಮಾಡ್ಕೋಬೇಡಿ. ಹಾಕಿಸಿದ ಮೇಲೆ ಮೊದಲ 500 ಮೈಲಿ ಮೆಲ್ಲಗೆ ಓಡಿಸಿ, ನಡುನಡುವೆ ಡಿಫ್ ಆರಲು ಬಿಡಿ, ಆಮೇಲೆ ಆಯಿಲ್ ಬದಲಿಸಿ. ಹೊರಗೆ ಬರುವ ಆಯಿಲ್‌ನಲ್ಲಿ ಸಣ್ಣ ಕಬ್ಬಿಣದ ಪುಡಿ ಇದ್ದರೆ ಪರವಾಗಿಲ್ಲ, ಚೂರುಗಳಿದ್ದರೆ ತೊಂದರೆ. ಅನುಪಾತ ಹೆಚ್ಚಿದಷ್ಟೂ ಪಿನಿಯನ್ ಹಲ್ಲು ಕಮ್ಮಿಯಾಗುತ್ತದೆ, 4.88ಕ್ಕೆ ಬರೀ 8 ಹಲ್ಲು. ಸ್ಲಿಕ್ ಟೈರ್ (ಗೆರೆಯಿಲ್ಲದ ರೇಸ್ ಟೈರ್) ಹಾಕಿ ಕ್ಲಚ್ ಬಿಟ್ಟು ಹಾರಿಸುವವರು ಅದನ್ನೂ ಯೋಚಿಸಬೇಕು.

ಉತ್ತರ, ಮೆಲ್ಬೋರ್ನ್

ನಾನು ಉಲ್ಟಾ ದಿಕ್ಕಿನವನು, ಅದನ್ನೂ ಕೇಳಿಬಿಡಿ. ನನ್ನದು ಮಾಜ್ದಾ ಎಂಎಕ್ಸ್-5, ಹಳೇ 1.8, ಐದು ಗೇರ್, ಇದಕ್ಕೂ 4.1. ಟರ್ಬೊ ಹಾಕಿಸಿದ ಮೇಲೆ ಒಂದನೇ ಗೇರ್ ಇದ್ದೂ ಇಲ್ಲದ ಹಾಗಾಯಿತು. ತುಳಿದರೆ ಚಕ್ರ ಸುತ್ತುತ್ತದೆ, ಇಲ್ಲವೇ ಗೇರ್ ಮುಗಿದಿರುತ್ತದೆ. 3.636 ಹಾಕಿಸಿದೆ, ಅಂದರೆ 40ಕ್ಕೆ 11 ಹಲ್ಲು. ಎರಡನೇ ಗೇರ್ 7,000ಕ್ಕೆ 98 ಕಿಮೀ ಇದ್ದದ್ದು 111ಕ್ಕೆ ಹೋಯಿತು. 100ರಲ್ಲಿ ಐದನೇ ಗೇರ್ 3,065 ಇದ್ದದ್ದು 2,720ಕ್ಕೆ ಇಳಿಯಿತು. ಎಳೆತ ಕಮ್ಮಿಯಾದರೂ ಕಾರು ಜೋರಾಯಿತು, ಯಾಕೆಂದರೆ ಇರುವ ಎಳೆತ ಈಗ ರಸ್ತೆಗೆ ಇಳಿಯುತ್ತಿದೆ. ನೀವು ಮುಂದೆ ಸೂಪರ್‌ಚಾರ್ಜರ್, ಟರ್ಬೊ ಅಂತ ಏನಾದರೂ ಯೋಚನೆ ಇಟ್ಟುಕೊಂಡಿದ್ದರೆ ಈಗ 4.556ಕ್ಕೆ ದುಡ್ಡು ಸುರಿಯಬೇಡಿ.

ಹಳೇ ಕಾರಿನವರಿಗೆ ಒಂದು ಎಚ್ಚರಿಕೆ. ನನ್ನ ಕಾರಿನ ಸ್ಪೀಡೋಮೀಟರ್ ಗೇರ್‌ಬಾಕ್ಸಿನಿಂದ ಬರುವ ಕೇಬಲ್‌ನದು. 3.636 ಹಾಕಿದ ಮೇಲೆ ನಿಜವಾಗಿ 100ರಲ್ಲಿ ಹೋಗುತ್ತಿದ್ದರೆ 89 ತೋರಿಸುತ್ತದೆ. ವಿಕ್ಟೋರಿಯಾದ ಸ್ಪೀಡ್ ಕ್ಯಾಮೆರಾಗಳಿಗೆ ಇದಕ್ಕಿಂತ ಒಳ್ಳೆ ಗಿರಾಕಿ ಸಿಗುವುದಿಲ್ಲ. ಗೇರ್‌ಬಾಕ್ಸಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಗೇರ್ ಬದಲಿಸಿದರೆ ಸರಿಹೋಗುತ್ತದೆ.

ಇನ್ನು ಏನನ್ನೂ ಬಿಚ್ಚುವ ಮುಂಚೆ ಟೈರ್ ನೋಡಿ. ನಿಮ್ಮ ಸ್ಟಾಕ್ ಟೈರಿನ ವ್ಯಾಸ 625 ಮಿಮೀ. 225/40 ಆರ್17 ಹಾಕಿದರೆ 612. ಶೇ. 2 ಚಿಲ್ಲರೆ ಚಿಕ್ಕದು, ಅಂದರೆ 4.1 ಇದ್ದದ್ದು 4.19ರ ಹಾಗೆ ನಡೆದುಕೊಳ್ಳುತ್ತದೆ. 4.3ರ ಅರ್ಧ ದಾರಿ ಸ್ಪ್ಯಾನರ್ ಹಿಡಿಯದೆ ಬಂತು. ಸ್ಪೀಡೋಮೀಟರ್ ಆಗ ಸ್ವಲ್ಪ ಜಾಸ್ತಿ ತೋರಿಸುತ್ತದೆ, ಕಾರು ಚೂರು ತಗ್ಗುತ್ತದೆ, ಅಷ್ಟೇ ತೊಂದರೆ.

ಕೇಳಿದವರು, ಸನ್ನಿವೇಲ್

ಸರಿ, 4.556 ಕೈಬಿಟ್ಟೆ. ಈ ಸೀಸನ್‌ನಲ್ಲಿ ಸ್ಟ್ರೀಟ್ ಕ್ಲಾಸೇ ಓಡಿಸುವುದು, ಹಾಗಾಗಿ ಡಿಫ್ ಮುಟ್ಟುವುದಿಲ್ಲ. ಟೈರ್ ಹೇಗೂ ಸವೆದಿದೆ, 225/40 ಹಾಕಿಸುತ್ತೇನೆ, 11ನೇ ತಿರುವಿಗೆ ಎರಡನೇ ಗೇರ್ ಕಲಿಯುತ್ತೇನೆ. ಸೀಸನ್ ಮುಗಿದ ಮೇಲೆ 2017ರ ಡಿಫ್ ಹುಡುಕುವುದು. ಆಸ್ಟಿನ್‌ನವರೇ, ಗುಜರಿಯಿಂದ ತರುವಾಗ ಏನು ನೋಡಬೇಕು?

ಉತ್ತರ, ಆಸ್ಟಿನ್

ಕಾರು ಹಿಂದಿನಿಂದ ಗುದ್ದಿಸಿಕೊಂಡಿದ್ದರೆ ಬೇಡವೇ ಬೇಡ. ಮ್ಯಾನುಯಲ್ ಕಾರಿನದೇ ಅಂತ ಖಾತ್ರಿ ಮಾಡಿಕೊಳ್ಳಿ, 4.3 ಬಂದದ್ದು ಅದಕ್ಕೆ ಮಾತ್ರ. ಇನ್‌ಪುಟ್ ಫ್ಲಾಂಜ್ (ಗೇರ್‌ಬಾಕ್ಸ್ ಕಡೆಯ ತುದಿ) ಕೈಯಲ್ಲಿ ತಿರುಗಿಸಿ ಸುತ್ತು ಎಣಿಸಿ. ಎರಡೂ ಬದಿಯ ಔಟ್‌ಪುಟ್ (ಚಕ್ರದ ಕಡೆಯ ತುದಿ) ಒಟ್ಟಿಗೆ ಒಂದು ಸುತ್ತು ಬರುವಷ್ಟರಲ್ಲಿ ಅದು ನಾಲ್ಕು ಸುತ್ತು ದಾಟಿ ಮೂರನೇ ಒಂದು ಭಾಗದ ಹತ್ತಿರ ಬರಬೇಕು. ಸೀಲ್ ಸೋರಿದೆಯಾ ನೋಡಿ. ಮನೆಗೆ ತಂದು ಹಾಕುವ ದಿನ ಆಯಿಲ್ ಇಳಿಸುವ ಮುಂಚೆ ತುಂಬುವ ಬೋಲ್ಟ್ ಮೊದಲು ಸಡಿಲಿಸಿ. ಎಷ್ಟೋ ಸಲ ಅದು ಕಚ್ಚಿಕೊಂಡಿರುತ್ತದೆ. ಕೆಳಗಿನದು ಬಿಚ್ಚಿ ಎಲ್ಲ ಸುರಿದ ಮೇಲೆ ಅದು ಬರಲ್ಲ ಅಂತ ಗೊತ್ತಾದರೆ ಕಾರು ಜ್ಯಾಕ್ ಮೇಲೇ ಉಳಿಯುತ್ತದೆ.