ಬೋರಣ್ಣನ ಶೆಡ್ಡಲ್ಲಿ ದಪ್ಪ ಟೈರಿನ ಪಂಚಾಯ್ತಿ

ಮಂಡ್ಯದ ನೂರಡಿ ರಸ್ತೆ ಆಸುಪಾಸಿನ ಒಂದು ಶೆಡ್ಡು. ಒಳಗೆ ಜಾಕಿ ಮೇಲೆ ಹಳೇ ಫೋರ್ ವೀಲ್ ಜೀಪ್ ಪಿಕಪ್ಪು. ಅಮೆರಿಕದ ವಿಲ್ಲಿಸ್ ಜೀಪಿನ ಸಂತಾನ, ಮಹೀಂದ್ರಾ ಹೆಸರು, ಐದು ಸ್ಟಡ್ಡಿನ (ನಟ್ಟು ಬಿಗಿಯೋ ಬೋಲ್ಟಿನ) ಹಬ್ಬು, 6.00-16ರ, ಅಂದರೆ ಆರು ಇಂಚು ಅಗಲ, 16 ಇಂಚು ರಿಮ್ಮಿನ ಸಣಕಲು ಟೈರು. ಗಾಡಿ ಚಂದ್ರುದು, ಸ್ಪ್ಯಾನರ್ ಬೋರಣ್ಣಂದು, ಲೆಕ್ಕ ರಿಟೈರಾದ ಮೇಷ್ಟ್ರದು.

“ಬೋರಣ್ಣೋ, 31 ಇಂಚಿನ ಟೈರ್ ಹಾಕ್ಬುಡು. 31×10.50 ಆರ್ 15. ಗಾಡಿ ಬಂದ್ರೆ ಜನ ಪಕ್ಕಕ್ ಸರೀಬೇಕು.”

“ಜನ ಸರೀತಾರೆ ಕಣ್ಲಾ. ಕಮಾನು ಪಟ್ಟೆ ಸರಿಯಾಕಿಲ್ವಲ್ಲ, ಅದುಕ್ಕೇನ್ ಮಾಡೀಯೆ?”

ಮೇಷ್ಟ್ರು ಆಗಲೇ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕೂತಿದ್ದರು. “235/75 ಆರ್ 15 ತಗೋ. 235 ಎಂ.ಎಂ. ಅಗಲ, ಅದರಲ್ಲಿ ಶೇಕಡ 75 ಪಕ್ಕದ ಗೋಡೆ ಎತ್ತರ, ಅಂದ್ರೆ 176. ಮೇಲೊಂದು ಕೆಳಗೊಂದು, 352. ರಿಮ್ಮು 15 ಇಂಚು ಅಂದ್ರೆ 381. ಒಟ್ಟು ಎತ್ತರ 733 ಎಂ.ಎಂ., ಇಪ್ಪತ್ತೊಂಬತ್ತು ಇಂಚಿಗೆ ಕೂದಲೆಳೆ ಕಮ್ಮಿ. ನಿನ್ನ 6.00-16 ಕೂಡ ಹತ್ತತ್ರ ಅಷ್ಟೇ. ಗಾಡಿ ಎತ್ತರ ಹಾಗೇ ಇರುತ್ತೆ, ಮೀಟರ್ ಮುಳ್ಳೂ ಸುಳ್ಳು ಹೇಳಲ್ಲ. 31 ಇಂಚು ಹಾಕಿದ್ರೆ ನೂರಕ್ಕೆ ಏಳು ವ್ಯತ್ಯಾಸ. ಮುಳ್ಳು 60 ಅಂದಾಗ ಗಾಡಿ 64ರಲ್ಲಿರುತ್ತೆ.”

“ಒಳ್ಳೇದೇ ಆಯ್ತಲ್ಲ ಮೇಷ್ಟ್ರೇ, ಪುಕ್ಸಟ್ಟೆ ಸ್ಪೀಡು!”

“ಪುಕ್ಸಟ್ಟೆ ಎಲ್ಲಿ ಬಂತ್ಲಾ?” ಬೋರಣ್ಣ ಬೀಡಿ ಕಿವಿಗೆ ಸಿಕ್ಕಿಸಿಕೊಂಡ. “ಅದೇ ಏಳು ಪರ್ಸೆಂಟು ಎಳೆಯೋ ಶಕ್ತೀಲಿ ಕಳ್ಕೊಂಡೆ. ಕಬ್ಬು ತುಂಬ್ಕೊಂಡು ನಾಲೆ ಏರಿ ಹತ್ತುವಾಗ ಕ್ಲಚ್ ಪ್ಲೇಟು ವಾಸ್ನೆ ಬತ್ತದೆ, ಆಗ ನೆನಪಾಯ್ತದೆ.”

ಹೀಗೆ 31 ಇಂಚು ಬಿತ್ತು, 235 ಉಳೀತು. ಆದರೆ ಗಾಡೀಲಿದ್ದ ರಿಮ್ಮು ನಾಲ್ಕೂವರೆ ಇಂಚು ಅಗಲದ್ದು, 16ರದ್ದು. 235ಕ್ಕೆ ರಿಮ್ಮು ಕನಿಷ್ಠ 6 ಇಂಚು ಅಗಲ ಬೇಕು, 8 ದಾಟಬಾರದು. ಇಕ್ಕಟ್ಟಾದ ರಿಮ್ಮಿಗೆ ದಪ್ಪ ಟೈರು ತುರುಕಿದರೆ ನಡುವೆ ಉಬ್ಬಿ ನಡುಪಟ್ಟಿ ಮಾತ್ರ ಸವೆಯುತ್ತೆ, ತಿರುವಿನಲ್ಲಿ ಪಕ್ಕದ ಗೋಡೆ ಓಲಾಡುತ್ತೆ. ಅಂದ ಮೇಲೆ ರಿಮ್ಮೂ ಬದಲಾಗಲೇಬೇಕು.

“ಮೈಸೂರಲ್ಲಿ ಸೆಕೆಂಡ್ ಹ್ಯಾಂಡ್ ಅಲಾಯ್ ನೋಡಿವ್ನಿ. ಐದೇ ತೂತು, ಸರಿಯಾಗ್ ಕೂರ್ತದೆ.”

“ನಿನ್ನ ಬನೀನಲ್ಲೂ ಐದು ತೂತವೆ, ಹಬ್ಬಿಗೆ ಕೂರ್ಸಾನಾ? ಅಕ್ಕಪಕ್ಕದ ಎರಡು ತೂತಿನ ನಡು ಅಳೆದ್ಯಾ?”

ಇದು ಐದು ಸ್ಟಡ್ಡಿನ ಗಾಡಿಯವರೆಲ್ಲ ತಿಳಿದಿರಬೇಕಾದ ಲೆಕ್ಕ. ಎದುರುಬದುರು ತೂತು ಇಲ್ಲದ್ದರಿಂದ ಐದೂ ತೂತಿನ ನಡುವಿನ ಮೇಲೆ ಹಾಯೋ ವೃತ್ತದ ಅಡ್ಡಳತೆ ನೇರವಾಗಿ ಸಿಗಲ್ಲ. ಒಂದು ತೂತಿನ ಎಡ ಅಂಚಿನಿಂದ ಪಕ್ಕದ ತೂತಿನ ಎಡ ಅಂಚಿಗೆ ಅಳೆದು 1.7ರಿಂದ ಗುಣಿಸಬೇಕು. 82 ಎಂ.ಎಂ. ಬಂದರೆ 139.7, ಅಂದರೆ ಜೀಪಿನ ಐದೂವರೆ ಇಂಚು. 67 ಬಂದರೆ 114.3, ಅದು ಕಾರಿನದ್ದು, ಅಲ್ಲೇ ಬಿಟ್ಟು ಬರೋದು.

ಮಾತಾಡ್ತಾ ಮಾತಾಡ್ತಾ ಚಂದ್ರು ಎಡಗಡೆ ಮುಂದಿನ ಚಕ್ರ ಬಿಚ್ಚೋಕೆ ಹೊರಟ. ನಟ್ಟು ಜಗ್ಗಲಿಲ್ಲ. ಸ್ಪ್ಯಾನರಿಗೆ ಪೈಪು ತೂರಿಸಿ ಹತ್ತಿ ನಿಂತ.

“ಇಳೀಲಾ ಕೆಳುಕ್ಕೆ! ಸ್ಟಡ್ ಮುರೀತೀಯ! ಎಡಗಡೇದು ಉಲ್ಟಾ ಥ್ರೆಡ್ಡು. ತುದೀಲಿ ‘ಎಲ್’ ಅಂತ ಕೊರೆದವ್ರೆ, ಗ್ರೀಸು ಒರಸಿ ನೋಡು.”

ಒರೆಸಿದ. ಇತ್ತು. ಅಷ್ಟೊತ್ತೂ ಬಿಗಿ ಮಾಡ್ತಾ ಇದ್ದ.

ಚಕ್ರ ಕೆಳಗಿಳಿದ ಮೇಲೆ ಅಸಲು ವಿಷಯಕ್ಕೆ ಬಂದರು. ರಿಮ್ಮನ್ನ ಮುಖ ಕೆಳಗೆ ಮಾಡಿ ಮಲಗಿಸಿ, ಒಳ ಅಂಚಿನ ಮೇಲೆ ಅಡ್ಡಕ್ಕೆ ನೇರವಾದ ರೀಪರು ಇಟ್ಟು, ರೀಪರಿನಿಂದ ಹಬ್ಬಿಗೆ ಕೂರೋ ಮುಖದವರೆಗೆ ಟೇಪು ಇಳಿಸಿದರು. ಒಳ ಆಳ ಮೂರೂಕಾಲು ಇಂಚು. ದಪ್ಪ ಟೈರಿನ ಜಗಳ ಎಲ್ಲಾ ಇರೋದು ಇದೊಂದು ಅಳತೇಲಿ, ಜನ ಮಾತ್ರ ಅಗಲ ನೋಡಿ ದುಡ್ಡು ಎಣಿಸ್ತಾರೆ.

“ಹಳೇ ಟೈರು ಆರು ಇಂಚು, 152 ಎಂ.ಎಂ.,” ಮೇಷ್ಟ್ರು ಬರೆದರು. “ಹೊಸದು 235. ಜಾಸ್ತಿ 83. ಬೋರಣ್ಣ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗಡೆ ಜಾಗ ಎಷ್ಟಿತ್ತು?”

“ಪಟ್ಟೆಗೂ ಟೈರಿಗೂ 40. ಎರಡೂ ಚಕ್ರ ಜೋಡ್ಸೋ ಟೈ ರಾಡ್ ಕಡೆ ಇನ್ನೂ ವಸಿ ಜಾಸ್ತಿ.”

“ಇಕ್ಕಟ್ಟಾಗಿರೋದನ್ನೇ ಹಿಡೀಬೇಕು. 12 ಖಾಲಿ ಬಿಡು. ಒಳಕ್ಕೆ 28 ಹೋಗಬಹುದು, ಮಿಕ್ಕ 55 ಹೊರಕ್ಕೆ. ಟೈರಿನ ನಡುಗೆರೆ ಅರ್ಧ ಇಂಚು ಹೊರಗೆ ಸರಿದು ಸರಿಯಾಗಿ ಹಬ್ಬಿನ ಮುಖಕ್ಕೇ ಬಂತು. 7 ಇಂಚಿನ ರಿಮ್ಮಿಗೆ ಅಂಚು ಸೇರಿ ಒಟ್ಟು 8 ಇಂಚು. ಅದರ ಅರ್ಧ, ಒಳ ಆಳ 4 ಇಂಚು ಇರೋದು ಹುಡುಕು, ಸರಿಹೋಗುತ್ತೆ.”

“3 ಇಂಚಿನದೇ ತರ್ತೀನಿ. ಇನ್ನೊಂದ್ ಇಂಚು ಹೊರಕ್ ಬಂದ್ರೆ ಗತ್ತು!”

ಬೋರಣ್ಣ ಈ ಸಲ ಬೈಯಲಿಲ್ಲ. ಜಾಕಿ ಮೇಲಿದ್ದ ಬಲಗಡೆ ಚಕ್ರವನ್ನ ಮೇಲೆ ಕೆಳಗೆ ಹಿಡಿದು ಅಲುಗಿಸಿದ. ಟಕ್ ಟಕ್ ಅಂತು. “ಚಕ್ರ ಎಡಕ್ಕೂ ಬಲಕ್ಕೂ ತಿರುಗೋ ಕೀಲು, ಕಿಂಗ್‌ಪಿನ್ನು, ಅದರ ಬೇರಿಂಗು ಈಗ್ಲೇ ಸಡಿಲ. ಚಕ್ರ ಹೊರಕ್ ಹೋದಷ್ಟೂ ಸನ್ನೆ ಉದ್ದ ಆಯ್ತದೆ. ಒಂದ್ ಚಕ್ರ ಗುಂಡಿಗೆ ಬಿದ್ರೆ ಆ ಏಟು ನೇರ ಸ್ಟೇರಿಂಗಿಗೆ. ಪವರ್ ಸ್ಟೇರಿಂಗ್ ಇಲ್ಲ, ಹೆಬ್ಬೆಟ್ಟು ಒಳಗ್ ಸಿಕ್ಸಿ ಹಿಡ್ಕೊಂಡಿದ್ರೆ ಮುರೀತದೆ. ಬೇರಿಂಗು, ಟೈ ರಾಡ್ ಎಂಡು ಮೊದ್ಲು ಸರಿಮಾಡು, ಟೈರು ಆಮ್ಯಾಕೆ. ಇಲ್ದಿದ್ರೆ 50 ದಾಟ್ತಿದ್ದಂಗೆ ಮುಂದಿನ ಚಕ್ರ ಎರಡೂ ಮಾರಮ್ಮನ ಹಬ್ಬದಂಗೆ ಕುಣೀತವೆ.”

“ಹಬ್ಬಿಗೂ ರಿಮ್ಮಿಗೂ ನಡುವೆ ಸ್ಪೇಸರ್ ಬಿಲ್ಲೆ ಹಾಕಿದ್ರೆ?”

“ಅದೂ ಹೊರಕ್ಕೇ ತಳ್ಳೋದು, ಬುಡು. ಬರೀ ತೂರಿಸೋ ಸ್ಪೇಸರ್ ಆದ್ರೆ ಸ್ಟಡ್ಡೂ ಗಿಡ್ಡ ಆಯ್ತದೆ. ಅರ್ಧ ಇಂಚಿನ ಸ್ಟಡ್ಡು, ಇಂಚಿಗೆ 20 ಥ್ರೆಡ್ಡು. ನಟ್ಟು ಕೈಯಲ್ಲಿ ಹತ್ತು ಪೂರ್ತಿ ಸುತ್ತು ಹೋಗ್ಬೇಕು. ಆರಕ್ಕೇ ನಿಂತ್ರೆ ಚಕ್ರ ನಿನಗಿಂತ ಮೊದ್ಲು ಮದ್ದೂರು ಸೇರ್ತದೆ.”

ಭಾರದ ಮಾತು ಮೇಷ್ಟ್ರು ಬೇಗ ಮುಗಿಸಿದರು. ಟೈರ್ ಪಕ್ಕದಲ್ಲಿ 105 ಅಂತಿದ್ದರೆ ಒಂದಕ್ಕೆ 925 ಕಿಲೋ. ಅದು ಕಾರು ದರ್ಜೆಯ ಟೈರಾದರೆ ಪಿಕಪ್ಪಿಗೆ 1.1ರಿಂದ ಭಾಗಿಸಿ 840 ಅಂತ ಹಿಡೀಬೇಕು. ಕಬ್ಬು ಹೊರೋ ಗಾಡಿಗೆ ಎಲ್‌ಟಿ, ಅಂದರೆ ಲೈಟ್ ಟ್ರಕ್, ಅಂತ ಬರೆದಿರೋದೇ ಕ್ಷೇಮ.

ರಿಮ್ಮು ಬಂದ ದಿನ ಮಾಡಬೇಕಾದ್ದನ್ನ ಬೋರಣ್ಣ ಒಂದೇ ಉಸಿರಿಗೆ ಹೇಳಿದ: ಒಂದು ಮುಂದಿನ ಚಕ್ರದ ಕೆಳಗೆ ದಿಮ್ಮಿ ಕೊಟ್ಟು ಪಟ್ಟೆ ಪೂರ್ತಿ ಒತ್ತಬೇಕು. ಮಡ್‌ಗಾರ್ಡ್ ಒಳಗೆ ಜೇಡಿಮಣ್ಣಿನ ಉಂಡೆ ಅಂಟಿಸಿ ಎರಡೂ ಕಡೆ ಪೂರ್ತಿ ತಿರುಗಿಸಿದರೆ, ಚಪ್ಪಟೆಯಾದ ಉಂಡೆ ಎಷ್ಟು ದಪ್ಪ ಉಳೀತೋ ಅದೇ ಉಳಿದ ಜಾಗ. ತಗುಲಿದರೆ ಚಕ್ರ ತಿರುಗಿಸೋ ಗೆಣ್ಣಿನ (ನಕಲ್) ಹತ್ರದ, ತಿರುವಿಗೆ ಮಿತಿ ಹಾಕೋ ಸ್ಟಾಪ್ ಬೋಲ್ಟು ಸ್ವಲ್ಪ ಹೊರಗೆ ತೆಗೀಬೇಕು, ಗಾಡಿ ತಿರುಗೋಕೆ ಜಾಗ ಜಾಸ್ತಿ ಬೇಕಾಗುತ್ತೆ ಅಷ್ಟೆ. ನಟ್ಟು ಕೂರೋ ಜಾಗದಲ್ಲಿ ದಪ್ಪ ಪೇಂಟಿದ್ದರೆ ಕೆರೆದುಬಿಡಬೇಕು, ಪೇಂಟು ಸವೆದಂಗೆ ನಟ್ಟು ಸಡಿಲ ಆಗುತ್ತೆ. ಒಂದು ಬಿಟ್ಟು ಒಂದು ನಟ್ಟು ಬಿಗೀತಾ ಹೋಗಿ, 100 ನ್ಯೂಟನ್ ಮೀಟರ್ ಆಸುಪಾಸು ನಿಲ್ಲಿಸಿ, 50-100 ಕಿಲೋಮೀಟರ್ ಓಡಿದ ಮೇಲೆ ಮತ್ತೆ ಟಾರ್ಕ್ ನೋಡಬೇಕು.

“ಪೊಲೀಸ್ನೋರು ಹಿಡಿಯಾಕಿಲ್ವಾ?”

“ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡೀಲಿ 182ಎ ಅಂತ ಸೆಕ್ಷನ್ ಬಂದಿದೆ,” ಅಂದರು ಮೇಷ್ಟ್ರು. “ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ 5,000 ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಮೊದಲು ಆರ್‌ಟಿಓದಲ್ಲಿ ಕೇಳ್ಕೊಂಡು ಬಾ.”

“ನಾಕ್ ಚಕ್ರ ಅಂದ್ರೆ ನಾಕ್ ಮಾರ್ಪಾಡಾ ಮೇಷ್ಟ್ರೇ?”

“ನಾಕಲ್ಲ ಕಣ್ಲಾ, ಐದು,” ಬೋರಣ್ಣ ಮಧ್ಯೆ ಬಾಯಿ ಹಾಕಿದ. “ಸ್ಟೆಪ್ನೀನೂ 235 ಬೇಕು. ಫೋರ್ ವೀಲ್ ಗಾಡೀಲಿ ಒಂದ್ ಚಕ್ರ ಎತ್ತರ ವಸಿ ಬೇರೆ ಆದ್ರೂ, ಫೋರ್ ವೀಲ್ ಹಾಕ್ದಾಗ ಮುಂದ್ಕೂ ಹಿಂದ್ಕೂ ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸು ತಿರುಚ್ಕೊತದೆ. ಅಂದಂಗೆ ಈಗಿನ ಸ್ಟೆಪ್ನಿ ಜಾಗ 6.00ಕ್ಕೆ ಮಾಡಿದ್ದು, 235 ಹಿಡಿಯಾಕಿಲ್ಲ.”

“ಹಿಂದೆ ಟ್ರೇಲಿ ಮಡುಕ್ಕತೀನಿ ಬುಡು.”

“ಕಬ್ಬು?”

ಚಂದ್ರು ಟ್ರೇ ಉದ್ದಗಲ ಅಳೆಯೋಕೆ ಟೇಪು ತಗೊಂಡು ಹೋದ.