‘ಪ್ರಮಾಣಪತ್ರ’ ಎಂದರೆ ಯಾವುದು? ಕಾಲೇಜು ಜಾಲದ ಲಾಗಿನ್ ಸೂಚನೆಗೆ ಪದ ಬೇಕು

ಬಳಗದ ಎಲ್ಲರಿಗೂ ನಮಸ್ಕಾರ.

ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ನಮ್ಮ ಕಾಲೇಜಿನ ವೈಫೈಗೆ ಇದುವರೆಗೆ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇತ್ತು. ಗ್ರಂಥಾಲಯದ ಕರಿಹಲಗೆಯ ಮೂಲೆಯಲ್ಲಿ ಅದನ್ನು ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದರು; ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯವರಿಗೂ ಬಾಯಿಪಾಠವಾಗಿತ್ತು. ಈ ವರ್ಷ ಆ ಪದ್ಧತಿ ನಿಂತಿದೆ. ಇನ್ನು ಮುಂದೆ ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲೇ, ತಮ್ಮದೇ ಪಾಸ್‌ವರ್ಡಿನಿಂದ ಒಳಗೆ ಹೋಗಬೇಕು. ಕಂಪ್ಯೂಟರ್ ವಿಭಾಗದ ಸಹೋದ್ಯೋಗಿ ಇಂಗ್ಲಿಷ್ ಸೂಚನೆಯನ್ನು ನನ್ನ ಕೈಗಿತ್ತು, “ಮೇಡಂ, ಇದನ್ನು ಕನ್ನಡದಲ್ಲಿ ಬರೆದುಕೊಡಿ” ಎಂದರು. ಒಂದು ಪುಟ, ಒಂದು ಸಂಜೆಯ ಕೆಲಸ ಎಂದುಕೊಂಡೆ. ಮೂರು ವಾರವಾಯಿತು, ಇನ್ನೂ ಮುಗಿದಿಲ್ಲ.

ಎಡವಿದ್ದು ಎಲ್ಲಿ ಎಂದು ಹೇಳುತ್ತೇನೆ. ಮೊದಲ ಕರಡನ್ನು ಜಗಳೂರು ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುವ ಪ್ರಥಮ ವರ್ಷದ ವಿದ್ಯಾರ್ಥಿನಿಯೊಬ್ಬಳಿಗೆ ಓದಲು ಕೊಟ್ಟಿದ್ದೆ. ‘ಕಾಲೇಜಿನ ಪ್ರಮಾಣಪತ್ರವನ್ನು ಪರಿಶೀಲಿಸಿದ ನಂತರವೇ ಮುಂದುವರಿಯಿರಿ’ ಎಂಬ ಸಾಲಿಗೆ ಬಂದು ನಿಂತಳು. ಬೆರಳನ್ನು ಆ ಸಾಲಿನ ಮೇಲಿಂದ ತೆಗೆಯದೆ, “ಮೇಡಂ, ಜಾತಿಯದು ಸಾಕೋ, ಆದಾಯದ್ದೂ ಬೇಕೋ? ಆದಾಯದ್ದಕ್ಕೆ ನಾಡಕಚೇರಿಯಲ್ಲಿ ಹೊಸದಾಗಿ ಅರ್ಜಿ ಹಾಕಬೇಕು” ಎಂದಳು.

ಅವಳು ಓದಿದ್ದರಲ್ಲಿ ತಪ್ಪೇನೂ ಇಲ್ಲ. ವಿದ್ಯಾರ್ಥಿವೇತನಕ್ಕೆ, ಹಾಸ್ಟೆಲಿಗೆ, ಶುಲ್ಕ ವಿನಾಯಿತಿಗೆ ಎಲ್ಲೆಲ್ಲೂ ಅವಳು ಕಂಡ ಪ್ರಮಾಣಪತ್ರವೆಂದರೆ ತಾನು ಸರದಿಯಲ್ಲಿ ನಿಂತು ತಂದು, ಕಚೇರಿಯವರಿಗೆ ತೋರಿಸಬೇಕಾದ ಕಾಗದ. ಇಲ್ಲಿಯಾದರೋ ತೋರಿಸಬೇಕಾದದ್ದು ಕಾಲೇಜು, ನೋಡಿ ಒಪ್ಪಬೇಕಾದವಳು ಅವಳು. ನಾನು ಬಳಸಿದ ಪದ ಇಡೀ ಸೂಚನೆಯ ದಿಕ್ಕನ್ನೇ ತಿರುಗಿಸಿಬಿಟ್ಟಿತ್ತು. ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲಿ.

ವಿಷಯ ತಿಳಿಯದೆ ಪದ ಹುಡುಕಲಾಗದು, ಆದ್ದರಿಂದ ಸಹೋದ್ಯೋಗಿಯ ಪಕ್ಕ ಕುಳಿತು ಕೇಳಿ ತಿಳಿದದ್ದನ್ನು ಹೇಳುತ್ತೇನೆ. ವೈಫೈ ಜಾಲದ ಹೆಸರು ಯಾರ ಸ್ವತ್ತೂ ಅಲ್ಲ. ಬಸ್ ನಿಲ್ದಾಣದಲ್ಲಿ ಕುಳಿತ ಯಾರು ಬೇಕಾದರೂ ತಮ್ಮ ವೈಫೈ ಪೆಟ್ಟಿಗೆಗೆ ನಮ್ಮ ಕಾಲೇಜಿನ ಜಾಲದ ಹೆಸರನ್ನೇ ಇಡಬಹುದು. ಹುಡುಗಿಯ ಜೇಬಿನಲ್ಲಿರುವ ಫೋನು ‘ಇದು ನಮ್ಮ ಜಾಲ’ ಎಂದುಕೊಂಡು ಅವಳ ಪರವಾಗಿ ತಾನೇ ಹೋಗಿ ಪಾಸ್‌ವರ್ಡ್ ಒಪ್ಪಿಸಲು ಮುಂದಾಗುತ್ತದೆ. ಅದನ್ನು ತಡೆಯುವುದು ಒಂದೇ: ಎದುರಿಗಿರುವ ಯಂತ್ರ ಮೊದಲು ತಾನು ಯಾರೆಂದು ಸಾಬೀತುಪಡಿಸಬೇಕು. ಹಾಗೆ ಸಾಬೀತುಪಡಿಸುವ ಕಡತಕ್ಕೆ ‘ಸರ್ಟಿಫಿಕೇಟ್’ ಎನ್ನುತ್ತಾರೆ. ಅದರಲ್ಲಿ ಯಂತ್ರದ ಹೆಸರು, ಅವಧಿ, ಅದಕ್ಕೆ ಸಹಿ ಹಾಕಿದವರ ಹೆಸರು ಇರುತ್ತವೆ. ಫೋನು ಇದನ್ನು ನೋಡಿ ಒಪ್ಪಿದರೆ ಮಾತ್ರ ಇಬ್ಬರ ನಡುವೆ ಹೊರಗಿನವರಿಗೆ ಕಾಣದ ಒಂದು ಸುರಂಗ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಹೋಗುವುದು ಆ ಸುರಂಗದೊಳಗೆ. ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ‘ಪರಿಶೀಲನೆ ಬೇಡ’ ಎಂಬ ಆಯ್ಕೆ ಇತ್ತು, ಬೇಗ ಕೆಲಸವಾಗಲೆಂದು ಎಲ್ಲರೂ ಅದನ್ನೇ ಒತ್ತುತ್ತಿದ್ದರು. ಆಂಡ್ರಾಯ್ಡ್ 11ರ ನಂತರ ಅನೇಕ ಫೋನುಗಳಲ್ಲಿ ಆ ಆಯ್ಕೆಯನ್ನೇ ತೆಗೆದಿದ್ದಾರೆ. ಹಾಗಾಗಿ ಮಕ್ಕಳು ಈ ಪದವನ್ನು ಎದುರಿಸಲೇಬೇಕು.

ಈಗ ಒಂದೊಂದಾಗಿ ಪದಗಳಿಗೆ ಬರುತ್ತೇನೆ.

‘ಲಾಗಿನ್’ ಅನ್ನು ಬದಲಿಸಲು ನನಗೆ ಮನಸ್ಸಿಲ್ಲ. ಅದರ ಮೂಲ ಹಡಗಿನದು. ಹಗ್ಗಕ್ಕೆ ಕಟ್ಟಿದ ಮರದ ತುಂಡನ್ನು ನೀರಿಗೆಸೆದು, ಹಗ್ಗದ ಗಂಟುಗಳನ್ನೆಣಿಸಿ ವೇಗ ಅಳೆಯುತ್ತಿದ್ದರು. ಆ ಮರದ ತುಂಡೇ ಲಾಗ್, ಲೆಕ್ಕ ಬರೆದಿಟ್ಟ ಪುಸ್ತಕ ಲಾಗ್‌ಬುಕ್. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಹಾಜರಿ ಪುಸ್ತಕ. ಆದರೆ ಹಾಜರಿಯನ್ನು ಗೆಳೆಯನ ಪರವಾಗಿಯೂ ಕೂಗಿಬಿಡಬಹುದು, ಆ ಪದ ತಂದರೆ ಅದರ ಹಿಂದೆ ಆ ಅಭ್ಯಾಸವೂ ಬರುತ್ತದೆ. ‘ಪ್ರವೇಶಿಸಿ’ ಎಂದರೆ ಕಾಲೇಜು ಪ್ರವೇಶಾತಿಯ ನೆನಪು. ‘ಲಾಗಿನ್ ಆಗಿ’ ಎಂದರೆ ಜಗಳೂರಿನಿಂದ ಹರಿಹರದವರೆಗೆ ಎಲ್ಲರಿಗೂ ಗೊತ್ತು, ಅದು ಹಾಗೆಯೇ ಇರಲಿ. ಒಳಗಿರುವ ಹಂತಗಳಿಗೆ ಮಾತ್ರ ಕನ್ನಡ ಬೇಕು. ಏಕೆಂದರೆ ಲಾಗಿನ್ ಎಂಬ ಒಂದು ಮಾತಿನೊಳಗೆ ಬೇರೆ ಬೇರೆ ಕೆಲಸಗಳು ಅಡಗಿವೆ: ನಾನು ಯಾರೆಂದು ಹೇಳುವುದು, ಅದನ್ನು ರುಜುವಾತುಪಡಿಸುವುದು, ನನಗೆ ಏನೇನು ಬಳಸಲು ಬಿಡುತ್ತಾರೆ ಎಂದು ತೀರ್ಮಾನವಾಗುವುದು. ನಮ್ಮ ಅನುವಾದಗಳು ಕೊನೆಯ ಎರಡಕ್ಕೂ ‘ದೃಢೀಕರಣ’ ಎಂದೇ ಬರೆಯುತ್ತವೆ. ವಿದ್ಯಾರ್ಥಿಗೆ ದೃಢೀಕರಣ ಎಂದರೆ ಗೆಜೆಟೆಡ್ ಅಧಿಕಾರಿಯ ಹಸಿರು ಶಾಯಿಯ ಸಹಿ. ‘ದೃಢೀಕರಣ ವಿಫಲವಾಗಿದೆ’ ಎಂದು ಪರದೆಯ ಮೇಲೆ ಬಂದರೆ ಪಾಸ್‌ವರ್ಡ್ ತಪ್ಪಾಯಿತೇ, ಅಥವಾ ಪಾಸ್‌ವರ್ಡ್ ಸರಿಯಿದ್ದೂ ತನಗೆ ಹಕ್ಕಿಲ್ಲವೇ ಎಂದು ತಿಳಿಯುವುದಿಲ್ಲ.

ಮೊದಲನೆಯದಕ್ಕೆ, ಅಂದರೆ ಬಳಕೆದಾರ ಹೆಸರಿಗೆ, ನನಗೆ ‘ಅಂಕಿತ’ ಎಂಬ ಪದ ತೀರಾ ಇಷ್ಟವಾಗಿದೆ. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಅಂಕಿತ ಎಲ್ಲರಿಗೂ ಗೊತ್ತಿರುವಂಥದ್ದು, ಗುಟ್ಟಿನದಲ್ಲ. ಹಾಗೆಂದೇ ಅದೊಂದೇ ಸಾಲದು. ಯಾರೋ ತಮ್ಮ ಸಾಲುಗಳ ಕೊನೆಗೆ ಕೂಡಲಸಂಗಮದೇವ ಎಂದು ಸೇರಿಸಿದರೆ ಅದು ಬಸವಣ್ಣನ ವಚನವಾಗಿಬಿಡುವುದಿಲ್ಲ. ಪ್ರಕ್ಷಿಪ್ತಗಳನ್ನು ಬೇರ್ಪಡಿಸಲು ವಿದ್ವಾಂಸರು ಭಾಷೆ, ಛಾಯೆ, ಹಸ್ತಪ್ರತಿಗಳನ್ನೆಲ್ಲ ನೋಡಬೇಕಾಯಿತು. ತರಗತಿಯಲ್ಲಿ ಈ ಉದಾಹರಣೆ ಕೊಟ್ಟಾಗ ಹೆಸರು ಹೇಳುವುದಕ್ಕೂ ರುಜುವಾತು ಮಾಡುವುದಕ್ಕೂ ಇರುವ ಅಂತರ ಮಕ್ಕಳಿಗೆ ಥಟ್ಟನೆ ಹೊಳೆಯಿತು. ಎರಡನೆಯದಕ್ಕೆ ‘ಗುರುತು’ ಸಾಕು. ಗುರುತು ಹೇಳು, ಗುರುತು ತೋರಿಸು, ಗುರುತು ಹಿಡಿ ಎಂದು ಕ್ರಿಯಾಪದ ಬದಲಿಸಿದರೆ ಯಾರು ಯಾರಿಗೆ ಏನು ಮಾಡುತ್ತಿದ್ದಾರೆ ಎಂಬುದು ತಾನೇ ಸ್ಪಷ್ಟವಾಗುತ್ತದೆ. ಮೂರನೆಯದಕ್ಕೆ ‘ಅಪ್ಪಣೆ’. ‘ಗುರುತು ಸಿಗಲಿಲ್ಲ’, ‘ಗುರುತು ಸಿಕ್ಕಿತು, ಅಪ್ಪಣೆ ಇಲ್ಲ’. ಇವೆರಡರಲ್ಲಿ ಗೊಂದಲಕ್ಕೆ ಎಡೆಯಿದೆಯೇ, ನೀವೇ ಹೇಳಿ.

ಪಾಸ್‌ವರ್ಡ್ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಗುಪ್ತಪದ, ಪ್ರವೇಶಪದ, ಸಂಕೇತಪದ ಎಲ್ಲವೂ ಚಲಾವಣೆಯಲ್ಲಿವೆ. ನನ್ನ ತಕರಾರು ಇರುವುದು ಕೊನೆಯ ‘ಪದ’ದ ಮೇಲೆ. ಒಂದು ಪದ ಎಂದ ಕೂಡಲೇ ಮಕ್ಕಳು ಊರ ಹೆಸರನ್ನೋ ಮನೆದೇವರ ಹೆಸರನ್ನೋ ಹಾಕಿ ಕೊನೆಗೆ 123 ಸೇರಿಸುತ್ತಾರೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರ ಮಾರ್ಗಸೂಚಿಯಲ್ಲಿ ಸುಮ್ಮನೆ ತಿಂಗಳು ತಿಂಗಳು ಪಾಸ್‌ವರ್ಡ್ ಬದಲಿಸುವಂತೆ ಒತ್ತಾಯಿಸಬೇಡಿ, ಉದ್ದವಾಗಿರಲು ಬಿಡಿ ಎಂದಿತು. ನಾಲ್ಕೈದು ಮಾತು ಕೂಡಿದ ಸಾಲು ಒಂದು ವಿಚಿತ್ರ ಪದಕ್ಕಿಂತ ನೆನಪಿಗೂ ಸುಲಭ, ಊಹೆಗೂ ಕಷ್ಟ. ‘ಗುಟ್ಟುನುಡಿ’ ಎಂದರೆ ಪದವೂ ಆಗಬಹುದು, ಪೂರ್ತಿ ಸಾಲೂ ಆಗಬಹುದು. ನನ್ನ ಒಲವು ಅದರ ಕಡೆಗೆ.

ಕನ್ನಡ ಲಿಪಿಯಲ್ಲೇ ಗುಟ್ಟುನುಡಿ ಇಟ್ಟುಕೊಳ್ಳಬಹುದೇ ಎಂದು ಒಬ್ಬ ಹುಡುಗ ಕೇಳಿದ. ಆಸೆ ನನಗೂ ಇದೆ. ಆದರೆ ಕಂಪ್ಯೂಟರುಗಳು ಅಕ್ಷರಗಳನ್ನು ಬರೆದಿಡುವ ಯೂನಿಕೋಡ್ ಪದ್ಧತಿಯಲ್ಲಿ ‘ಕೊ’ ಎಂಬ ಅಕ್ಷರವನ್ನು ಕ-ಕಾರದ ಮುಂದೆ ಒಂದೇ ಸ್ವರಚಿಹ್ನೆಯಿಟ್ಟೂ ಬರೆಯಬಹುದು, ಎತ್ವ ಮತ್ತು ದೀರ್ಘದ ಕೊಂಬು ಎಂಬ ಎರಡು ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳುವ ವ್ಯವಸ್ಥೆ ಆ ಕಡೆ ಇದ್ದರೆ ಸರಿ. ಇನ್ನು ‘ಪಾಸ್‌ವರ್ಡ್’ ಎಂಬ ಪದದಲ್ಲೇ ಸಕಾರದ ಕೆಳಗೆ ವಕಾರ ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕುಳಿತಿರುತ್ತದೆ. ಒಂದು ಕೀಲಿಮಣೆಯಲ್ಲಿ ಅದು ಬಂದು ಇನ್ನೊಂದರಲ್ಲಿ ಬಾರದಿದ್ದರೆ ಗುರುತು ಸಿಗುವುದಿಲ್ಲ. ಪರದೆಯ ಮೇಲೆ ಬರೀ ಚುಕ್ಕಿಗಳು ಕಾಣುವಾಗ ತಪ್ಪು ಎಲ್ಲಾಯಿತೆಂದು ಹುಡುಕುವುದಾದರೂ ಹೇಗೆ? ಸದ್ಯಕ್ಕೆ ಕನ್ನಡದ ಸಾಲನ್ನೇ ರೋಮನ್ ಅಕ್ಷರಗಳಲ್ಲಿ ಬರೆಯಿರಿ ಎಂದು ಸೂಚನೆಯಲ್ಲಿ ಹಾಕಿದ್ದೇನೆ, ಬೇಸರದಿಂದಲೇ.

ಇನ್ನೊಂದು ಸಂಗತಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹಲವರು ಹಂಚಿಕೊಂಡು ಬಳಸುತ್ತಿದ್ದ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯಲ್ಲಿ 1962ರಲ್ಲೇ ಅಲನ್ ಶೆರ್ ಎಂಬ ಸಂಶೋಧಕರು ಎಲ್ಲರ ಪಾಸ್‌ವರ್ಡುಗಳ ಕಡತವನ್ನು ಮುದ್ರಿಸಿಕೊಂಡುಬಿಟ್ಟರು. ಅವರಿಗೆ ಕಂಪ್ಯೂಟರಿನ ಮೇಲೆ ತಮ್ಮ ಪಾಲಿಗೆ ಬಂದದ್ದಕ್ಕಿಂತ ಇನ್ನಷ್ಟು ಹೊತ್ತು ಬೇಕಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದಿಟ್ಟರೆ ಇದೇ ಗತಿ. ಈಗ ಒಳ್ಳೆಯ ವ್ಯವಸ್ಥೆಗಳಲ್ಲಿ ಗುಟ್ಟುನುಡಿಯನ್ನು ಬೀಸಿ ಹಿಟ್ಟು ಮಾಡಿ ಇಡುತ್ತಾರೆ, ನೀವು ಮತ್ತೆ ಬಂದಾಗ ನಿಮ್ಮ ಕಾಳನ್ನು ಬೀಸಿ ಹಿಟ್ಟಿಗೆ ಹಿಟ್ಟು ಹೋಲಿಸುತ್ತಾರೆ. ಹಿಟ್ಟಿನಿಂದ ಜೋಳ ಮರಳಿ ಬರುವುದಿಲ್ಲ. ‘ಹ್ಯಾಶ್’ ಎನ್ನುವುದಕ್ಕೆ ‘ಬೀಸುಹಿಟ್ಟು’ ಎಂದರೆ ಯಾರಾದರೂ ಒಪ್ಪುತ್ತೀರಾ? ಬೀಸುವಾಗ ಸೇರಿಸುವ ಬೇರೆ ಬೇರೆ ಅಕ್ಷರಗಳಿಗೆ ಇಂಗ್ಲಿಷಿನವರೂ ಉಪ್ಪು ಎಂದೇ ಹೆಸರಿಟ್ಟಿದ್ದಾರೆ.

ಬೇರೆ ಊರಿನ ವಿಶ್ವವಿದ್ಯಾಲಯಕ್ಕೆ ಹೋದಾಗಲೂ ತಮ್ಮ ಕಾಲೇಜಿನ ಹೆಸರಿನಲ್ಲೇ ಅಲ್ಲಿನ ಜಾಲ ಸೇರುವ ಎಡುರೋಮ್ ವ್ಯವಸ್ಥೆ ಯುರೋಪಿನಲ್ಲಿ ಹುಟ್ಟಿದ್ದು; ಭಾರತದಲ್ಲಿ ಅದನ್ನು ಶಿಕ್ಷಣ, ಸಂಶೋಧನಾ ಸಂಸ್ಥೆಗಳ ಜಾಲ ನಡೆಸುವ ಅರ್ನೆಟ್ ನೋಡಿಕೊಳ್ಳುತ್ತದೆ. ಅಲ್ಲಿ ಬಳಸುವ ಹೆಸರಿನಲ್ಲಿ ಎರಡು ಭಾಗ, ಮೊದಲು ವ್ಯಕ್ತಿ, ಆಮೇಲೆ ಸಂಸ್ಥೆ. ನಮ್ಮೂರುಗಳಲ್ಲಿ ಹೊಸಬರು ಬಂದರೆ ಹಿರಿಯರು ಕೇಳುವುದೂ ಇದನ್ನೇ: “ಯಾವ ಊರು, ಯಾರ ಮನೆಯವರು?” ಆತಿಥ್ಯ ಕೊಡುವ ಸಂಸ್ಥೆ ನಿಮ್ಮ ಗುಟ್ಟುನುಡಿಯನ್ನು ನೋಡುವುದಿಲ್ಲ, ಮುಚ್ಚಿದ ಸುರಂಗದಲ್ಲಿ ಅದನ್ನು ನಿಮ್ಮ ಸಂಸ್ಥೆಗೆ ಕಳುಹಿಸಿ ‘ಇವರು ನಿಮ್ಮವರೇ?’ ಎಂದು ಕೇಳುತ್ತದೆ. ಆ ಮೂಲ ಸಂಸ್ಥೆಗೆ ‘ತವರು’ ಎಂದು ಬರೆದೆ. ಸಹೋದ್ಯೋಗಿ ಮೊದಲು ನಕ್ಕರು, ಮರುದಿನ ತಾವೇ ಆ ಪದ ಬಳಸುತ್ತಿದ್ದರು.

ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗದಲ್ಲಿ, ರಂಗಯ್ಯನ ಬಾಗಿಲಿನ ಆಸುಪಾಸಿನಲ್ಲಿ. ಏಳು ಸುತ್ತಿನ ಕೋಟೆಗೆ 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು, 35 ಕಳ್ಳದಾರಿ ಎಂದು ಲೆಕ್ಕ ಹೇಳುವುದುಂಟು. ಬಾಗಿಲಿನ ಬಗೆಗಳಿಗೆ ಇಷ್ಟು ಹೆಸರಿಟ್ಟುಕೊಂಡ ನುಡಿಗೆ ಜಾಲದ ಬಾಗಿಲುಗಳನ್ನು ಹೆಸರಿಸುವುದು ಕಷ್ಟವಾಗಬಾರದು. ಲಾಗಿನ್ ಆಗುವವರೆಗೆ ಮುಂದೆ ಬಿಡದ ಮೊದಲ ಪುಟಕ್ಕೆ ‘ಅಗಸೆ’, ಮೂಲ ಬಾಗಿಲನ್ನು ತಪ್ಪಿಸಿ ಒಳನುಸುಳುವ ದಾರಿಗೆ ‘ಕಳ್ಳದಾರಿ’, ಯಂತ್ರದಲ್ಲಿ ಒಂದೊಂದು ಸೇವೆಗೂ ಇರುವ ಸಂಖ್ಯೆಯ ಬಾಯಿಗೆ ‘ಕಿಂಡಿ’. ಕಾವಲಿಲ್ಲದ ಕಿಂಡಿಯಿಂದ ಏನಾಗುತ್ತದೆ ಎಂಬುದನ್ನು ಓಬವ್ವನ ಊರಿನವರಿಗೆ ಹೇಳಿಕೊಡಬೇಕಿಲ್ಲ.

ಲಾಗ್‌ಔಟ್‌ಗೆ ‘ನಿರ್ಗಮಿಸಿ’ ಎಂಬುದು ನನಗೆ ಒಗ್ಗುವುದಿಲ್ಲ. ‘ಹೊರಬನ್ನಿ’ ಕೂಡ ಸಾಲದು. ಮೊನ್ನೆ ಪ್ರಯೋಗಾಲಯದ ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ಒಬ್ಬ ವಿದ್ಯಾರ್ಥಿಯ ಇಮೇಲ್ ಹಾಗೇ ತೆರೆದಿತ್ತು, ಅವನು ಆಗಲೇ ಹೊರಗೆ ಬಂದು ಕ್ಯಾಂಟೀನಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದ. ಮನೆಯಲ್ಲಿ ನಾವು ಹೇಳುವುದು ‘ಬಾಗಿಲು ಹಾಕಿಕೊಂಡು ಹೋಗು’ ಎಂದು. ಸೂಚನೆಯಲ್ಲಿ ಅದನ್ನೇ ಬರೆದಿದ್ದೇನೆ: ‘ಕೆಲಸ ಮುಗಿದ ಮೇಲೆ ಲಾಗ್‌ಔಟ್ ಒತ್ತಿ, ಬಾಗಿಲು ಹಾಕಿಕೊಂಡು ಹೋಗಿ.’

ಉಳಿದಿರುವುದು ಆ ಪ್ರಮಾಣಪತ್ರ. ನನ್ನ ಮುಂದಿರುವ ಪದಗಳು ಮೂರು. ‘ಮುದ್ರೆ’: ತಾಮ್ರಪಟದ ಬಳೆಗೆ ಒತ್ತಿದ ವರಾಹ ಕಂಡರೆ ಚಾಲುಕ್ಯರದೆಂದು ಗುರುತು ಹಿಡಿಯುತ್ತೇವಲ್ಲ, ಆ ಅರ್ಥ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಮುದ್ರೆ ಎಂದರೆ ಇಂದಿನ ಮಕ್ಕಳಿಗೆ ಭರತನಾಟ್ಯವೋ ಯೋಗಾಸನವೋ ನೆನಪಾಗುತ್ತದೆ. ‘ರಹದಾರಿ’: ಪದ ಸೊಗಸಾಗಿದೆ, ಆದರೆ ರಹದಾರಿ ಪ್ರಯಾಣಿಕನ ಕೈಯಲ್ಲಿರುವಂಥದ್ದು, ದಿಕ್ಕು ಮತ್ತೆ ತಿರುಗುತ್ತದೆ. ‘ಮೊಹರು’: ಇದು ಕಚೇರಿಯದು, ನಮ್ಮ ಕೈಯಲ್ಲಿ ಇರುವುದಿಲ್ಲ. ಕಾಗದ ಬಂದಾಗ ಮೊಹರು ಸರಿಯಿದೆಯೇ ಎಂದು ನೋಡುವವರು ನಾವು. ‘ಫೋನಿನಲ್ಲಿ ಕಾಲೇಜಿನ ಮೊಹರು ಕಾಣುತ್ತದೆ. ಅದರಲ್ಲಿರುವ ಹೆಸರು ಕೆಳಗೆ ಬರೆದಿರುವ ಹೆಸರೇ ಎಂದು ನೋಡಿ. ಬೇರೆಯಾಗಿದ್ದರೆ ಮುಂದುವರಿಯಬೇಡಿ.’ ಇದನ್ನು ಅದೇ ಹುಡುಗಿಗೆ ಓದಿಸಿದೆ. “ಹಾಗಾದರೆ ಇದನ್ನು ನಾನು ನೋಡಬೇಕು, ಅವರು ತೋರಿಸಬೇಕು, ಅಲ್ಲವೇ ಮೇಡಂ?” ಎಂದಳು.

ಅಡ್ಡಿ ಎರಡು. ಫೋನಿನ ಕನ್ನಡ ಪರದೆಯಲ್ಲಿ ಬರುವುದು ‘ಪ್ರಮಾಣಪತ್ರ’ ಎಂದೇ, ಹಾಗಾಗಿ ಸೂಚನೆಯಲ್ಲಿ ‘ಫೋನು ಪ್ರಮಾಣಪತ್ರ ಎನ್ನುವುದು ಇದನ್ನೇ’ ಎಂದು ಒಂದು ಸಾಲು ಸೇರಿಸಬೇಕಾಗಿದೆ. ಎರಡನೆಯದಾಗಿ, ರಬ್ಬರಿನ ಮೊಹರನ್ನು ಯಾರು ಬೇಕಾದರೂ ಮಾಡಿಸಬಹುದು. ಜಾಲದ ಮೊಹರನ್ನು ಅದರ ಗುಟ್ಟಿನ ಕೀಲಿ ಇಲ್ಲದೆ ಬೇರೊಬ್ಬರು ಬಳಸಲಾಗದು. ಈ ವ್ಯತ್ಯಾಸ ಪದದಲ್ಲಿ ಬರುವುದಿಲ್ಲ.

ಶಾಸನ, ಕಡತಗಳ ಭಾಷೆ ಬಲ್ಲವರು ಬಳಗದಲ್ಲಿದ್ದೀರಿ. ನೋಡುವವನ ಕಡೆಯಿಂದ ಅರ್ಥ ಹುಟ್ಟುವ, ಮೊಹರಿಗಿಂತ ಗಟ್ಟಿಯಾದ ಪದ ನಿಮ್ಮ ಓದಿನಲ್ಲಿ ಸಿಕ್ಕಿದೆಯೇ? ಮೋಡಿ ಲಿಪಿಯ ಕಡತಗಳಲ್ಲಿ, ಪಾಳೆಯಗಾರರ ಕಾಲದ ಕಾಗದಪತ್ರಗಳಲ್ಲಿ ಬಂದವರ ಗುರುತು ಒಪ್ಪಿಕೊಂಡದ್ದನ್ನು ಯಾವ ಮಾತಿನಲ್ಲಿ ಬರೆಯುತ್ತಿದ್ದರು? ಸೂಚನೆ ಮುಂದಿನ ಸೋಮವಾರ ಗ್ರಂಥಾಲಯದ ಅದೇ ಕರಿಹಲಗೆಯ ಪಕ್ಕ ಅಂಟುತ್ತದೆ. ಅಷ್ಟರೊಳಗೆ ಒಂದು ಸಾಲು ಬರೆದರೂ ಉಪಕಾರವಾಗುತ್ತದೆ.